ಸೋಸದ ಬಣ್ಣ

ಹೋದ ರಜೆಯಲ್ಲಿ ಮೊಮ್ಮಗಳು ಗುಲ್ಬರ್ಗದಿಂದ ಮನೆಗೆ ಬಂದಿದ್ದಳು. ವೈದ್ಯಕೀಯ ಓದುತ್ತಿರುವ ಹುಡುಗಿ. ರಾತ್ರಿ ಊಟಕ್ಕೆ ಕುಳಿತಾಗ ಅವಳ ಬಲಗೈಯ ಹೆಬ್ಬೆರಳು, ತೋರುಬೆರಳುಗಳ ಉಗುರಿನ ಸುತ್ತ ಒಂದು ಗಾಢ ಕೆಂಪು ಕಂಡಿತು. ಗುಲಾಬಿಯೂ ಅಲ್ಲ, ನೇರಳೆಯೂ ಅಲ್ಲ. ಅವಳ ಅಜ್ಜಿ, "ಯಾರ ಮದುವ್ಯಾಗ ಮೆಹಂದಿ ಹಚ್ಕೊಂಡಿದ್ದಿ?" ಎಂದು ಕೇಳಿದಳು.

"ಮೆಹಂದಿ ಅಲ್ಲಜ್ಜಿ, ಸ್ಲೈಡಿಗಿ ಹಾಕೋ ಬಣ್ಣ. ಸಾಬೂನು ಹಚ್ಚಿ ತಿಕ್ಕಿದ್ರೂ ಹೋಗವಲ್ದು."

ನಾನು ರೊಟ್ಟಿ ಮುರಿಯುತ್ತಿದ್ದವನು ಹಾಗೇ ಕುಳಿತುಬಿಟ್ಟೆ. ಆ ಬಣ್ಣ ನನಗೆ ಗೊತ್ತು. ಅದರ ಹೆಸರು ಫುಕ್ಸಿನ್. ಚರ್ಮಕ್ಕೆ ಅಂಟಿದರೆ ಎಂಟು ದಿನ ಬಿಡುವುದಿಲ್ಲ, ಬಟ್ಟೆಗೆ ಬಿದ್ದರೆ ಬಟ್ಟೆಯೇ ಹೋಯಿತು. ಅದನ್ನು ಕಾರ್ಬಾಲಿಕ್ ಆಮ್ಲದಲ್ಲಿ ಕರಗಿಸಿ ಇಟ್ಟಿರುತ್ತಾರೆ. ಹುಡುಗಿಯ ಕೈಯಿಂದ ಆ ವಾಸನೆ ಬಂತೋ, ನನ್ನ ಮೂಗೇ ಅದನ್ನು ಹುಟ್ಟಿಸಿಕೊಂಡಿತೋ ಹೇಳಲಾರೆ. ಆ ವಾಸನೆಯ ಹಿಂದೆಯೇ ಮಾಸ್ತರರು ನೆನಪಾದರು. ಅಂಗಿಯ ಗುಂಡಿ ಹಾಕಿಕೊಳ್ಳುತ್ತ, ನನ್ನ ಕಡೆ ಬೆನ್ನು ತಿರುಗಿಸಿ ನಿಂತಿದ್ದ ಮಾಸ್ತರರು…

ಅವರು ಭಾಲ್ಕಿಯಲ್ಲಿ ನನಗೆ ಕನ್ನಡ ಕಲಿಸಿದವರು. ಆಗ ನಿಜಾಮರ ಆಳ್ವಿಕೆ. ಸರಕಾರಿ ಸಾಲೆಯಲ್ಲಿ ಎಲ್ಲವೂ ಉರ್ದು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಸಾಲೆಯಲ್ಲಿ ಉರ್ದು ಎಂದು ಮೂರು ನಾಲಿಗೆ ಇಟ್ಟುಕೊಂಡು ಬೆಳೆದ ನಮ್ಮಂಥ ಹನ್ನೆರಡು ಹದಿಮೂರು ಹುಡುಗರನ್ನು ಅವರು ಸಂಜೆ ಮಠದ ಪಡಸಾಲೆಯಲ್ಲಿ ಕೂಡಿಸಿಕೊಂಡು ಅಕ್ಷರ ತಿದ್ದಿಸುತ್ತಿದ್ದರು. ಕೊರಳಲ್ಲಿ ಲಿಂಗದ ಕರಡಿಗೆ, ಹಣೆಗೆ ವಿಭೂತಿ, ಮೊಣಕೈವರೆಗೆ ಮಡಚಿದ ಬಿಳಿ ಅಂಗಿ. ಹೊಡೆಯುತ್ತಿರಲಿಲ್ಲ. ತಪ್ಪು ಬರೆದರೆ ಪಾಟಿಯನ್ನು ನಮ್ಮ ಕೈಗೇ ವಾಪಸು ಕೊಟ್ಟು, ನಾವೇ ಕಂಡುಹಿಡಿಯುವ ತನಕ ಸುಮ್ಮನೆ ಕೂತಿರುತ್ತಿದ್ದರು. ಹೊಡೆತಕ್ಕಿಂತ ಆ ಮೌನವೇ ಕಷ್ಟವಾಗುತ್ತಿತ್ತು.

ನಾನು ಹೈದರಾಬಾದಿಗೆ ವೈದ್ಯಕೀಯ ಕಲಿಯಲು ಹೋದಾಗ ಅಪ್ಪನಿಗಿಂತ ಹೆಚ್ಚು ಹಿಗ್ಗಿದವರು ಅವರು. ಕಲಿತು ಬಂದು ಬೀದರಿನ ಒಂದು ಸಣ್ಣ ದವಾಖಾನೆಯಲ್ಲಿ ಕಿರಿಯ ಡಾಕ್ಟರನಾದೆ. ಆ ದವಾಖಾನೆಯ ಹೆಸರು ಇಲ್ಲಿ ಬೇಡ. ನಡೆದದ್ದರಲ್ಲಿ ಅದರ ತಪ್ಪೇನೂ ಇಲ್ಲ.

ನಾನು ಸೇರಿದ ಮರುವರ್ಷ ಅಲ್ಲಿಗೆ ಒಂದು ಸೂಕ್ಷ್ಮದರ್ಶಕ ಬಂತು. ಹಿತ್ತಾಳೆಯದು, ಒಂದೇ ಕಣ್ಣಿನದು, ಬುಡದಲ್ಲಿ ಅಂಗೈಯಗಲದ ಕನ್ನಡಿ. ಪೂರ್ವದ ಕಿಟಕಿಯ ಹತ್ತಿರ ಮೇಜು ಹಾಕಿಸಿ, ಬಿಸಿಲನ್ನು ಆ ಕನ್ನಡಿಯಿಂದ ಮೇಲಕ್ಕೆ ಹಾಯಿಸಿ ನೋಡಬೇಕಿತ್ತು. ದೊಡ್ಡ ಡಾಕ್ಟರ್ ಸಾಹೇಬರಿಗೆ ಕಣ್ಣಿನ ತೊಂದರೆ. ಹಾಗಾಗಿ ಅದು ನನ್ನದೇ ಆಯಿತು. ಅದನ್ನು ಬೇರೆ ಯಾರೂ ಮುಟ್ಟದ ಹಾಗೆ ಪೆಟ್ಟಿಗೆಯ ಕೀಲಿಯನ್ನು ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದೆ.

ಬೀದರಿನ ದೊಡ್ಡ ಮಂದಿ ಒಬ್ಬೊಬ್ಬರಾಗಿ ಅದನ್ನು ನೋಡಲು ಬಂದರು. ಬಂದವರ ಗಲ್ಲದ ಒಳಗಡೆಯನ್ನು ಒಂದು ಕಡ್ಡಿಯಿಂದ ಮೆಲ್ಲಗೆ ಕೆರೆದು, ಗಾಜಿನ ಪಟ್ಟಿಗೆ ಸವರಿ, ಅವರದೇ ಜೀವಕೋಶಗಳನ್ನು ಅವರಿಗೆ ತೋರಿಸುತ್ತಿದ್ದೆ. ಬಣ್ಣ ಹಾಕದೆ ಇಟ್ಟರೆ ಏನೂ ಕಾಣುವುದಿಲ್ಲ. ನೀರಿನಲ್ಲಿ ಬಿದ್ದ ಗಾಜಿನ ಚೂರಿನಂತೆ ಬೆಳಕು ಅವುಗಳನ್ನು ದಾಟಿ ಹೋಗಿಬಿಡುತ್ತದೆ. ಒಂದು ಹನಿ ನೀಲಿ ಬಣ್ಣ ಬಿಟ್ಟು ತೊಳೆದರೆ ಸಾಕು, ಒಂದೊಂದು ಕೋಶವೂ ತನ್ನ ಅಂಚಿನ ಸಮೇತ ಮೇಲೆದ್ದು ಬರುತ್ತದೆ. ಸುತ್ತಲಿನ ರಸ ತಿಳಿ ನೀಲಿ, ನಡುವೆ ಕಡಲೆಕಾಳಿನ ಹಾಗೆ ಕಪ್ಪುನೀಲಿ ಕೋಶಕೇಂದ್ರ. ನೋಡಿದವರು ಕಣ್ಣು ತೆಗೆದು ಮತ್ತೆ ನನ್ನ ಮುಖ ನೋಡುತ್ತಿದ್ದರು. ಅದನ್ನು ನಾನೇ ಮಾಡಿದ್ದೆನೋ ಎಂಬ ಹಾಗೆ. ಅವರು ಹಾಗೆ ನೋಡುವುದು ನನಗೆ ಹಿತವಾಗುತ್ತಿತ್ತು.

ಮಾಸ್ತರರು ಬಂದದ್ದು ಫಾಲ್ಗುಣದ ಒಂದು ಬೆಳಿಗ್ಗೆ. ಅವರು ಸೂಕ್ಷ್ಮದರ್ಶಕ ನೋಡಲು ಬಂದವರಲ್ಲ. ಬೆನ್ನ ಮೇಲೆ, ಎಡ ಹೆಗಲಿನ ಕೆಳಗೆ ಒಂದು ಬಿಳಿಚಿದ ಮಚ್ಚೆ ಎದ್ದಿತ್ತು. ನೀರು ಹಾಕುವಾಗ ಹೆಂಡತಿ ನೋಡಿ ಹೆದರಿಕೊಂಡಿದ್ದರು.

"ನನಗೇನೂ ಅಂಜಿಕಿ ಇಲ್ಲಪಾ. ಮಗಳ ನಿಶ್ಚಯ ಆಗ್ಯದ, ಮನ್ನಳ್ಳಿ ಮನಿತನಕ್ಕ ಕೊಟ್ಟೀವಿ. ವೈಶಾಖದಾಗ ಲಗ್ನ. ಅದಕ್ಕೇ ಆಕಿ ತೋರ್ಸ್ಕೊಂಡು ಬಾ ಅಂದ್ಲು" ಎಂದರು.

ಅಂಗಿ ತೆಗೆಸಿ ನೋಡಿದೆ. ಮೂರು ಬೆರಳಗಲದ ಮಚ್ಚೆ. ಅಂಚು ನಯವಾಗಿತ್ತು, ಮೇಲೆ ಸಣ್ಣ ಹೊಟ್ಟು. ಕುಷ್ಠದ ಮಚ್ಚೆಯಾದರೆ ಅಲ್ಲಿ ಮುಟ್ಟಿದ್ದು ತಿಳಿಯುವುದಿಲ್ಲ ಎನ್ನುವುದು ಮೊದಲ ಪಾಠ. ಅವರನ್ನು ಕಣ್ಣು ಮುಚ್ಚಿಸಿ ಅರಳೆಯ ಎಳೆಯಿಂದ ಸವರಿದೆ. ಪ್ರತಿ ಸಲವೂ "ಇಲ್ಲಿ", "ಇಲ್ಲಿ" ಎಂದು ಬೆರಳು ಹಿಂದೆ ತಂದು ಸರಿಯಾಗಿ ತೋರಿಸಿದರು. ಒಂದು ಸಲವೂ ತಪ್ಪಲಿಲ್ಲ. ನಾನು ಅಲ್ಲಿಗೇ ನಿಲ್ಲಬೇಕಿತ್ತು. ಆದರೆ ಕಿಟಕಿಯ ಹತ್ತಿರ ನನ್ನ ಹಿತ್ತಾಳೆಯ ಯಂತ್ರ ಇತ್ತು…

ಮೊದಲು ಅವರ ಗಲ್ಲದ ಕೋಶಗಳನ್ನೇ ಅವರಿಗೆ ತೋರಿಸಿದೆ. ಬಹಳ ಹೊತ್ತು ಬಾಗಿ ನೋಡಿದರು.

"ಇದು ನಾನೇ ಏನಪಾ?"

"ಹೌದ್ರಿ ಮಾಸ್ತರ. ನಿಮ್ಮವೇ."

"ಇಷ್ಟು ವರ್ಷ ಇವುಗಳ ಜೋಡಿನೇ ಬಾಳ್ವಿ ಮಾಡೀನಿ, ಗುರ್ತೇ ಇರ್ಲಿಲ್ಲ ನೋಡು." ನಕ್ಕರು. ಆಮೇಲೆ, ನಡುವಿನ ಕಾಳು ಮಾತ್ರ ಯಾಕೆ ಅಷ್ಟು ಬಣ್ಣ ಕುಡಿಯುತ್ತದೆ ಎಂದು ಕೇಳಿದರು. ಕೋಶದ ಒಂದೊಂದು ಭಾಗಕ್ಕೆ ಒಂದೊಂದು ಬಣ್ಣದ ಮೇಲೆ ಒಲವು ಎಂದೆ. ಸ್ವಲ್ಪ ಯೋಚಿಸಿ ಹೇಳಿದರು: "ಬಿದರಿ ಕೆಲಸದವರು ಕಿಲ್ಲೇದ ಮಣ್ಣಿನಾಗ ಕುದಿಸಿದ್ರ ಹೂಜಿ ಕರ್ರಗಾಗ್ತದ, ಕೂರ್ಸಿದ ಬೆಳ್ಳಿ ಬೆಳ್ಳಗೇ ಉಳೀತದ. ಹಂಗೇ ಅನ್ನು." ನನಗೆ ಪುಸ್ತಕದಲ್ಲಿ ನಾಲ್ಕು ಪುಟ ಓದಿ ತಿಳಿದದ್ದು ಅವರಿಗೆ ಒಂದು ಮಾತಿನಲ್ಲಿ ತಿಳಿದಿತ್ತು.

ಆಮೇಲೆ ಮಚ್ಚೆಯಿಂದ ಚಿಕ್ಕ ಚೂರು ಚರ್ಮ ತೆಗೆದೆ. ಅರ್ಧವನ್ನು ಸ್ಪಿರಿಟ್ಟಿನ ಶೀಶೆಯಲ್ಲಿ ಹಾಕಿ ಮುಚ್ಚಿದೆ, ಹೈದರಾಬಾದಿಗೆ ಹೋದಾಗ ನನ್ನ ಉಸ್ತಾದರಿಗೆ ತೋರಿಸೋಣ ಎಂದು. ಉಳಿದರ್ಧದ ರಸವನ್ನು ಗಾಜಿಗೆ ಸವರಿದೆ.

ಕುಷ್ಠದ ರೋಗಾಣು ಹುಡುಕುವ ಬಗೆ ಹೀಗೆ. ಫುಕ್ಸಿನ್ನಿನ ಕೆಂಪು ಹಾಕಿ ಕೆಳಗಿನಿಂದ ಸ್ಪಿರಿಟ್ ದೀಪ ಹಿಡಿಯಬೇಕು. ಉಗಿ ಏಳಬೇಕು, ಕುದಿಯಬಾರದು, ಒಣಗಲಂತೂ ಬಾರದು. ಆಗ ಕೆಂಪು ಎಲ್ಲಕ್ಕೂ ಹತ್ತುತ್ತದೆ. ಮೇಲೆ ಆಮ್ಲ ಸುರಿದು ತೊಳೆದರೆ ಮಿಕ್ಕ ಎಲ್ಲವೂ ಆ ಕೆಂಪನ್ನು ಬಿಟ್ಟುಕೊಡುತ್ತವೆ. ಮೈಗೆ ಮೇಣದಂಥ ಹೊದಿಕೆ ಇರುವ ಆ ರೋಗಾಣು ಮಾತ್ರ ಬಿಡುವುದಿಲ್ಲ. ಕೊನೆಗೆ ನೀಲಿ ಹಾಕಿದರೆ ನಮ್ಮ ಕೋಶಗಳೆಲ್ಲ ನೀಲಿ, ರೋಗಾಣು ಸಣ್ಣ ಕೆಂಪು ಕಡ್ಡಿಯಂತೆ. ಆದರೆ ಆ ಕೆಂಪು ಬಣ್ಣವನ್ನು ಪ್ರತಿ ಸಲ ಹೊಸದಾಗಿ ಕಾಗದದಲ್ಲಿ ಸೋಸಿಕೊಳ್ಳಬೇಕು. ಶೀಶೆಯಲ್ಲಿ ನಿಂತ ಬಣ್ಣ ತಳದಲ್ಲಿ ಹರಳುಗಟ್ಟುತ್ತದೆ.

ಸೋಸುವ ಕಾಗದ ಮುಗಿದು ಒಂದು ವಾರವಾಗಿತ್ತು. ಹೈದರಾಬಾದಿನಿಂದ ಬರಬೇಕಿತ್ತು. ಬೇರೆ ದಿನವಾಗಿದ್ದರೆ ಕಾಯುತ್ತಿದ್ದೆನೇನೋ. ಆದರೆ ಅಷ್ಟರಲ್ಲಿ ತಹಸೀಲ್ದಾರ ಸಾಹೇಬರ ಟಾಂಗಾ ಬಾಗಿಲಿಗೆ ಬಂತು. ಯಂತ್ರ ನೋಡಲು ಬರುವುದಾಗಿ ಅವರು ಹೇಳಿಕಳಿಸಿ ಬಹಳ ದಿನವಾಗಿತ್ತು. ಅವರು ಒಳಗೆ ಬಂದರು, ಹಿಂದೆ ಅವರ ಚಪರಾಸಿ. ಮಾಸ್ತರರು ಅಂಗಿಯಿಲ್ಲದ ಮೈಗೆ ಉತ್ತರೀಯ ಹೊದ್ದು ಮೂಲೆಯ ಸ್ಟೂಲಿನ ಮೇಲೆ ಸರಿದು ಕುಳಿತರು. ಗಲ್ಲದ ಕೋಶ ಯಾರು ಬೇಕಾದರೂ ನೋಡಿದ್ದರು. ಸಾಹೇಬರಿಗೆ ಅದಕ್ಕಿಂತ ದೊಡ್ಡದನ್ನು ತೋರಿಸಬೇಕೆಂಬ ಆಸೆ ನನಗೆ ಹುಟ್ಟಿತು. ಬಣ್ಣವನ್ನು ಶೀಶೆಯಿಂದ ನೇರವಾಗಿ ಸುರಿದೆ. ದೀಪ ಹಿಡಿದುಕೊಂಡೇ ಸಾಹೇಬರಿಗೆ ಉರ್ದುವಿನಲ್ಲಿ ವಿವರಣೆ ಕೊಡುತ್ತಿದ್ದೆ. ಬಣ್ಣ ಅಂಚಿನಲ್ಲಿ ಒಣಗಿ ಹಸಿರು ಹೊಳಪು ಬಂದದ್ದನ್ನು ಕಂಡೂ ಕಾಣದ ಹಾಗೆ ಇದ್ದೆ. ಆಮ್ಲದಲ್ಲಿ ಇಡಬೇಕಾದಷ್ಟು ಹೊತ್ತು ಇಡಲಿಲ್ಲ.

ಗಾಜಿಗೆ ಎಣ್ಣೆಯ ಹನಿ ಬಿಟ್ಟು, ದೊಡ್ಡ ಮಸೂರ ಇಳಿಸಿ ಕಣ್ಣಿಟ್ಟೆ. ನೀಲಿಯ ನಡುವೆ ಕೆಂಪು ಕಡ್ಡಿಗಳು. ಒಂದಲ್ಲ, ಹತ್ತಾರು.

ನಾನು ಏನು ಮಾಡಿದೆ ಎಂಬುದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ನಾನು ಖುಷಿಯಿಂದ ಕೂಗಿದೆ. "ಸಿಕ್ತು!" ಎಂದು ಕೂಗಿ, ತಹಸೀಲ್ದಾರರ ಕಡೆ ತಿರುಗಿ, "ಜುಜಾಮ್, ಸಾಹೇಬ್! ನೋಡಿ" ಎಂದೆ. ಜುಜಾಮ್ ಎಂದರೆ ಉರ್ದುವಿನಲ್ಲಿ ಕುಷ್ಠ. ಸಾಹೇಬರು ಕಣ್ಣಿಟ್ಟು ನೋಡಿ "ವಾಹ್" ಎಂದರು. ಚಪರಾಸಿ ಬಾಗಿಲಿನವರೆಗೆ ಹಿಂದೆ ಸರಿದ. ಮೂಲೆಯಲ್ಲಿ ಕುಳಿತ ಮನುಷ್ಯನಿಗೆ ಉರ್ದು ನಮ್ಮಷ್ಟೇ ಚೆನ್ನಾಗಿ ಬರುತ್ತಿತ್ತು ಎಂಬುದು ನನಗೆ ಆಮೇಲೆ ನೆನಪಾಯಿತು.

ಸಾಹೇಬರು ಹೋದ ಮೇಲೆ ಮಾಸ್ತರರು ಎದ್ದು, ಆಚೆ ಮುಖ ಮಾಡಿ ನಿಂತು ಅಂಗಿ ತೊಟ್ಟುಕೊಂಡರು. ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡರು. ತಿರುಗದೆಯೇ ಕೇಳಿದರು:

"ಮನ್ಯಾಗ ನನ್ನ ತಾಟು ಬ್ಯಾರಿ ಇಡಬೇಕೇನಪಾ?"

"ಹೌದ್ರಿ… ಇಟ್ರ ಛಲೋ" ಎಂದೆ.

ಚಪರಾಸಿ ಭಾಲ್ಕಿಯವನು. ಸುದ್ದಿ ಮಾಸ್ತರರಿಗಿಂತ ಮೊದಲು ಊರು ಮುಟ್ಟಿತ್ತು.

ಮುಂದಿನದನ್ನು ನಾನು ನೋಡಲಿಲ್ಲ, ಅಪ್ಪ ಬೀದರಿಗೆ ಬಂದಾಗ ಹೇಳಿದ. ಮಠದ ಪಡಸಾಲೆಗೆ ಮರುದಿನ ಒಬ್ಬ ಹುಡುಗನೂ ಬರಲಿಲ್ಲ. ಅವರು ಸೇದುವ ಬಾವಿಗೆ ಮಂದಿ ಹೋಗುವುದನ್ನು ಬಿಟ್ಟರು. ಮನ್ನಳ್ಳಿಯವರು ಎಂಟು ದಿನ ಕಾದು ನಿಶ್ಚಯ ಮುರಿದರು. ಒಳ್ಳೆಯ ಜನ, ಜಗಳ ಮಾಡಲಿಲ್ಲ. ಕೊಟ್ಟ ಸೀರೆಯನ್ನು ಮಡಿಕೆ ಸಮೇತ ಇಟ್ಟುಕೊಳ್ಳಿ ಎಂದು ಹೇಳಿಕಳಿಸಿದರು. ಅದಾದ ಮೇಲೆ ಮಾಸ್ತರರು ಔರಾದಿನ ಆಚೆ, ಡಾಬಕಾದಲ್ಲಿ ಬಳಗದವರೊಬ್ಬರ ಹೊಲದ ಗುಡಿಸಲಿಗೆ ಹೋಗಿ ಒಬ್ಬರೇ ಇರತೊಡಗಿದರು. "ನಾ ಮನ್ಯಾಗ ಇಲ್ಲಂದ್ರ ಹುಡುಗಿಗಿ ಯಾರಾದ್ರೂ ಸಿಗ್ತಾರ" ಎಂದರಂತೆ.

"ನಿನ್ನ ಕೈಯಾಗ ಹಿಂಗ ಆಗಬೇಕಿತ್ತು ನೋಡು" ಎಂದ ಅಪ್ಪ. ನನ್ನನ್ನು ಬೈದದ್ದಲ್ಲ. ಗುರುವಿನ ರೋಗ ಶಿಷ್ಯನ ಕಣ್ಣಿಗೇ ಬೀಳಬೇಕಿತ್ತಲ್ಲ ಎಂದು ಮರುಗಿದ್ದು. ನನಗೂ ದುಃಖವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಆ ದುಃಖದ ಅಡಿಯಲ್ಲಿ ಹೆಮ್ಮೆ ಇತ್ತು. ದೊಡ್ಡ ಡಾಕ್ಟರ್ ಸಾಹೇಬರು ನನ್ನ ಬಗ್ಗೆ ಮೇಲಿನವರಿಗೆ ಒಳ್ಳೆಯ ಮಾತು ಬರೆದಿದ್ದರು.

ಜ್ಯೇಷ್ಠದಲ್ಲಿ ಕೆಲಸದ ಮೇಲೆ ಹೈದರಾಬಾದಿಗೆ ಹೋದೆ. ಆಗ ಬೀದರಿಗೆ ರೈಲು ಬಂದಿರಲಿಲ್ಲ, ಅರ್ಧ ದಾರಿ ಗಾಡಿಯ ಪ್ರಯಾಣ. ಶೀಶೆ ಒಡೆಯದ ಹಾಗೆ ಧೋತರದಲ್ಲಿ ಸುತ್ತಿ ಒಯ್ದೆ. ಕೆಂಪು ಕಡ್ಡಿಗಳ ಗಾಜಿನ ಪಟ್ಟಿಯನ್ನೂ ಒಯ್ದೆ. ನನಗೆ ಈ ವಿದ್ಯೆ ಕಲಿಸಿದ ಉಸ್ತಾದರು ವಯಸ್ಸಾದವರು, ಮಾತು ಕಡಿಮೆ. ಅವರು ಆ ಚರ್ಮದ ಚೂರನ್ನು ಮೇಣದಲ್ಲಿ ಕೂರಿಸಿ, ಈರುಳ್ಳಿಯ ಪೊರೆಗಿಂತ ತೆಳುವಾಗಿ ಹೆರೆದು, ಎರಡು ಬಣ್ಣ ಹಾಕಿ ಮೂರನೆಯ ದಿನ ನನ್ನನ್ನು ಕರೆದರು.

"ಏನು ಕಾಣುತ್ತದೆ, ಹೇಳಿ" ಎಂದರು ಉರ್ದುವಿನಲ್ಲಿ.

ಅಷ್ಟು ಸ್ವಚ್ಛವಾದ ನೋಟವನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ಚರ್ಮದ ಪದರಗಳು ಗೋಡೆ ಕಟ್ಟಿದ ಹಾಗೆ ಒಂದರ ಮೇಲೊಂದು. ಒಂದೊಂದು ಕೋಶದಲ್ಲೂ ನೀಲಿ ಕೇಂದ್ರ, ಸುತ್ತ ತಿಳಿಗುಲಾಬಿ. ಕೆಳಗೆ ಗುಲಾಬಿ ನಾರುಗಳ ನಡುವೆ ಒಂದು ಸಣ್ಣ ನರ, ಹುರಿ ಹೊಸೆದಂತೆ ಅಚ್ಚುಕಟ್ಟಾಗಿತ್ತು. ಕುಷ್ಠವಾಗಿದ್ದರೆ ಆ ನರದ ಸುತ್ತ ಬೇರೆ ಕೋಶಗಳು ಮುತ್ತಿಕೊಂಡು ಅದನ್ನು ತಿಂದುಹಾಕಿರುತ್ತಿದ್ದವು. ಇಲ್ಲಿ ಯಾವುದೂ ಇರಲಿಲ್ಲ. ಉಸ್ತಾದರು ನನ್ನ ಹೆಗಲ ಮೇಲಿಂದ ಕೈ ಚಾಚಿ ಗಾಜನ್ನು ಕೂದಲೆಳೆಯಷ್ಟು ಸರಿಸಿದರು. ಚರ್ಮದ ಎಲ್ಲಕ್ಕಿಂತ ಮೇಲಿನ, ಸತ್ತ ಹೊಟ್ಟಿನ ಪದರದಲ್ಲಿ ದ್ರಾಕ್ಷಿಗೊಂಚಲಿನ ಹಾಗೆ ದುಂಡು ಕಣಗಳು, ಅವುಗಳ ನಡುವೆ ಮುರಿದ ಶಾವಿಗೆಯ ತುಂಡುಗಳು. ಬೂಷ್ಟು. ನಮ್ಮ ಕಡೆ ಬೇಸಿಗೆಯಲ್ಲಿ ನೂರು ಮಂದಿಗೆ ಬರುವ ಚಿಬ್ಬು. ಗಂಧಕದ ಮುಲಾಮು ಹಚ್ಚಿದರೆ ಹೋಗುವಂಥದ್ದು.

ಆಮೇಲೆ ಅವರು ನನ್ನ ಗಾಜಿನ ಪಟ್ಟಿಯನ್ನು ನೋಡಿದರು. ಬಹಳ ಹೊತ್ತು ನೋಡಲಿಲ್ಲ.

"ಬಣ್ಣ ಸೋಸಿದ್ದಿರಾ, ಮಿಯಾ?"

ಇಲ್ಲವೆಂದು ತಲೆ ಆಡಿಸಿದೆ.

"ಇವು ಬಣ್ಣದ ಹರಳುಗಳು. ಕೋಶದ ಮೇಲೆ ಬಿದ್ದಿವೆ, ಕೋಶದ ಒಳಗೆ ಒಂದೂ ಇಲ್ಲ." ಕನ್ನಡಕ ತೆಗೆದು ಒರೆಸಿಕೊಂಡು ಕೇಳಿದರು: "ಆ ಮನುಷ್ಯನಿಗೆ ಏನು ಹೇಳಿದ್ದೀರಿ?"

ಹೇಳಿದೆ. ಅವರು ಬೈಯಲಿಲ್ಲ. ಎದ್ದು ಒಂದು ಕಾಗದ, ಲೆಕ್ಕಣಿಕೆ ತಂದು ನನ್ನ ಮುಂದೆ ಇಟ್ಟರು. ಇವತ್ತೇ ಬರೆಯಿರಿ ಎಂದರು.

ಬರೆದೆ. ಇಳಿದುಕೊಂಡಿದ್ದ ಕೋಣೆಗೆ ಹೋಗಿ ಇನ್ನೊಮ್ಮೆ ಓದಿ ಹರಿದುಹಾಕಿದೆ. ಇಂಥ ಮಾತು ಕಾಗದದಲ್ಲಿ ಬೇಡ, ಎದುರಿಗೇ ಹೇಳೋಣ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬೀದರಿಗೆ ಬಂದಾಗ ಮಳೆ ಹಿಡಿದಿತ್ತು, ಔರಾದಿನ ದಾರಿಯಲ್ಲಿ ಗಾಡಿ ಹೂಳುತ್ತದೆ ಎಂದುಕೊಂಡೆ. ಮಳೆ ನಿಂತಿತು, ದವಾಖಾನೆಯಲ್ಲಿ ಚಳಿಜ್ವರದವರ ಸಾಲು. ಶ್ರಾವಣ ಹೋಯಿತು, ಭಾದ್ರಪದ ಹೋಯಿತು… ನಿಜವಾದ ಕಾರಣ ಬೇರೆ ಇತ್ತು. ತಹಸೀಲ್ದಾರರು, ದೊಡ್ಡ ಡಾಕ್ಟರರು, ಊರ ಮಂದಿ ಎಲ್ಲರೂ ನನ್ನನ್ನು ನೋಡುತ್ತಿದ್ದ ರೀತಿಯನ್ನು ಕಳೆದುಕೊಳ್ಳುವುದು ನನ್ನಿಂದ ಆಗುತ್ತಿರಲಿಲ್ಲ.

ಕಾರ್ತಿಕದಲ್ಲಿ ಅಪ್ಪನ ಕಾಗದ ಬಂತು. ಮಾಸ್ತರರ ಮಗಳ ಮದುವೆ ಆಯಿತು. ವರ ಜನವಾಡದವರು, ಮೊದಲ ಹೆಂಡತಿ ತೀರಿಕೊಂಡವರು. ವಯಸ್ಸು ನಲವತ್ತರ ಮೇಲೆ, ಎರಡು ಮಕ್ಕಳು. ಹುಡುಗಿಗೆ ಹದಿನಾರು. ಮಾಸ್ತರರು ಡಾಬಕಾದಿಂದ ಬರಲಿಲ್ಲ, ಬಂದರೆ ಊಟಕ್ಕೆ ಯಾರೂ ಕೂರುವುದಿಲ್ಲ ಎಂದು.

ಅದನ್ನು ಓದಿದ ಮೂರನೆಯ ದಿನ ನಾನು ಡಾಬಕಾಕ್ಕೆ ಹೊರಟೆ. ಐದು ತಿಂಗಳು ಹೊರಡದವನು ಆಗ ಯಾಕೆ ಹೊರಟೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಇನ್ನು ತಡೆಯಬೇಕಾದ್ದು ಏನೂ ಉಳಿದಿಲ್ಲ, ಯಾರೂ ಓಡಿಬಂದು ನನ್ನನ್ನು ಹಿಡಿದು ಕೇಳುವ ಹಾಗಿಲ್ಲ ಎನ್ನುವುದೇ ಧೈರ್ಯ ಕೊಟ್ಟಿತೇನೋ. ಕೈಯಲ್ಲಿ ಗಂಧಕದ ಮುಲಾಮಿನ ಡಬ್ಬಿ ಇತ್ತು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡೆ.

ಗುಡಿಸಲಿನ ಸುತ್ತ ಎದೆಯೆತ್ತರದ ಜೋಳ. ಮಾಸ್ತರರು ಬಾಗಿಲ ಮುಂದೆ ಕುಳಿತು ಅವರೆಕಾಯಿ ಬಿಡಿಸುತ್ತಿದ್ದರು. ಗಡ್ಡ ಬೆಳೆದಿತ್ತು. ನನ್ನನ್ನು ನೋಡಿ ಎದ್ದು ಹತ್ತು ಹೆಜ್ಜೆ ಹಿಂದೆ ಹೋಗಿ ನಿಂತರು.

"ಅಲ್ಲೇ ನಿಂದ್ರು ತಮ್ಮಾ. ಗಾಳಿ ನನ್ನ ಕಡಿಂದ ಬೀಸ್ಲಿಕ್ಕತ್ತದ."

ನಾನು ಹತ್ತಿರ ಹೋದೆ. ಅಂಗಿ ತೆಗೆಯಲು ಹೇಳಿ ಬೆನ್ನು ನೋಡಿದೆ. ಮಚ್ಚೆಯ ಪಕ್ಕ ಇನ್ನೆರಡು ಎದ್ದಿದ್ದವು, ಅದೇ ಹೊಟ್ಟು. ಬೆರಳಿನಿಂದ ಮುಲಾಮು ಹಚ್ಚಿದೆ. ನನ್ನ ಕೈ ತಾಗಿದಾಗ ಅವರ ಬೆನ್ನು ನಡುಗಿತು. ಎಂಟು ತಿಂಗಳಿಂದ ಯಾರೂ ಅವರನ್ನು ಮುಟ್ಟಿರಲಿಲ್ಲ.

ಆ ಹೊತ್ತಿನಲ್ಲಿ ಹೇಳಬೇಕಿತ್ತು. "ಮಾಸ್ತರ್ರಿ…" ಎಂದೆ. ಅವರು ತಿರುಗಿ ನನ್ನ ಮುಖ ನೋಡಿದರು. ತಪ್ಪು ಬರೆದ ಪಾಟಿಯನ್ನು ವಾಪಸು ಕೊಟ್ಟು ಕಾಯುವಾಗ ನೋಡುತ್ತಿದ್ದ ಹಾಗಲ್ಲ. ಬೇಡುವವರ ಹಾಗೆ. ನನ್ನ ಬಾಯಿಂದ ಬಂದದ್ದು ಇದು:

"ಹೊಸ ಔಷಧ ಬಂದದ್ರಿ. ಹೈದರಾಬಾದಿಂದ ತಂದೀನಿ. ಒಂದು ತಿಂಗಳು ಹಚ್ರಿ, ಪೂರಾ ಹೋಗ್ತದ."

"ಮಹಾರೋಗ ಹೋಗ್ತದಾ?"

"ಹೋಗ್ತದ್ರಿ."

ಅವರು ಎರಡೂ ಕೈ ಜೋಡಿಸಿದರು. ಗುರುಗಳು, ನನಗೆ. ನಾನು ಬೇಡವೆನ್ನಲಿಲ್ಲ.

ತಿಂಗಳಲ್ಲಿ ಮಚ್ಚೆ ಹೋಯಿತು. ಹೋಗದೆ ಏನು, ಚಿಬ್ಬು. ಮಾಸ್ತರರು ಭಾಲ್ಕಿಗೆ ಮರಳಿದರು. ಗುಡಿಯ ಮುಂದೆ ಅಂಗಿ ಬಿಚ್ಚಿ ಬೆನ್ನು ತೋರಿಸಿದರಂತೆ. ಹುಡುಗರು ಒಬ್ಬೊಬ್ಬರಾಗಿ ಮತ್ತೆ ಪಡಸಾಲೆಗೆ ಬಂದರು. ಅವರು ಸಿಕ್ಕಸಿಕ್ಕವರ ಮುಂದೆ ನನ್ನ ಹೆಸರು ಹೇಳಿದರು. ಆ ಹೆಸರು ಹಳ್ಳಿಯಿಂದ ಹಳ್ಳಿಗೆ ಹೋಯಿತು.

ಆಮೇಲೆ ಅವರು ಬರತೊಡಗಿದರು. ನಿಜವಾದ ಕುಷ್ಠದವರು. ಹುಮನಾಬಾದಿನಿಂದ, ಔರಾದಿನಿಂದ, ಗಡಿಯಾಚೆಯ ಮರಾಠಿ ಹಳ್ಳಿಗಳಿಂದ, ಕಾಲಿಗೆ ಚಿಂದಿ ಸುತ್ತಿಕೊಂಡು ನಡೆದು ಬಂದವರು. ದವಾಖಾನೆಯ ಬೇವಿನ ಮರದ ಕೆಳಗೆ ಕೂರುತ್ತಿದ್ದರು. ಒಂದು ಜೋಡಿಯನ್ನು ಮರೆತಿಲ್ಲ. ಗಂಡನಿಗೆ ಬೆರಳುಗಳ ತುದಿಯೇ ಇರಲಿಲ್ಲ, ಹೆಂಡತಿ ಅವನ ಊರುಗೋಲು.

"ಭಾಲ್ಕಿ ಮಾಸ್ತರಿಗಿ ಕೊಟ್ಟ ಮುಲಾಮು ನಮಗೂ ಕೊಡ್ರಿ ಡಾಕ್ಟರ್ ಸಾಬ್ರ" ಎಂದಳು.

ಆ ಮುಲಾಮು ಇವನಿಗೆ ಹತ್ತುವುದಿಲ್ಲ ಎಂದರೆ ಯಾಕೆ ಎಂದು ಕೇಳುತ್ತಿದ್ದಳು. ಯಾಕೆ ಎಂದು ಹೇಳಿದರೆ ಎಲ್ಲವನ್ನೂ ಹೇಳಬೇಕಿತ್ತು. ಡಬ್ಬಿ ಕೊಟ್ಟು ಕಳಿಸಿದೆ. ಎರಡು ತಿಂಗಳಿಗೆ ಅವಳು ಒಬ್ಬಳೇ ಬಂದಳು, ಖಾಲಿ ಡಬ್ಬಿ ಹಿಡಿದುಕೊಂಡು. ಗಂಡ ಮನೆಯಲ್ಲೇ ಇದ್ದ, ನಡೆಯಲಾರದೆ.

"ಮಾಸ್ತರಿಗಿ ಹತ್ತಿದ್ದು ನಮಗ್ಯಾಕ ಹತ್ತಲಿಲ್ರಿ? ನಾವೇನು ಪಾಪ ಮಾಡೀವ್ರಿ?"

ನಾನು ಅವಳಿಗೆ ಇನ್ನೊಂದು ಡಬ್ಬಿ ಕೊಟ್ಟೆ.

ಆ ವರ್ಷವೇ ಅರ್ಜಿ ಹಾಕಿ ರಾಯಚೂರಿಗೆ ವರ್ಗ ಮಾಡಿಸಿಕೊಂಡೆ. ಅಲ್ಲಿಂದ ನಾಂದೇಡ. ಬಣ್ಣವನ್ನು ಎರಡು ಸಲ ಸೋಸದೆ ಒಂದು ಗಾಜನ್ನೂ ಮತ್ತೆ ನೋಡಲಿಲ್ಲ. ನನ್ನ ಕೈಕೆಳಗಿನವರು ನನ್ನನ್ನು ಬಹಳ ಕಟ್ಟುನಿಟ್ಟಿನ ಡಾಕ್ಟರ್ ಎಂದು ಹೊಗಳುತ್ತಿದ್ದರು. ಆ ಹೊಗಳಿಕೆಯನ್ನೂ ಬೇಡವೆನ್ನಲಿಲ್ಲ.

ಇಪ್ಪತ್ತು ವರ್ಷಗಳ ಮೇಲೆ, ಮಾಸ್ತರರು ಹಾಸಿಗೆ ಹಿಡಿದಿದ್ದಾರೆ, ನಿನ್ನನ್ನು ಕೇಳುತ್ತಿದ್ದಾರೆ ಎಂದು ಅಪ್ಪ ಹೇಳಿಕಳಿಸಿದ. ಹೋದೆ. ಎದೆಯಲ್ಲಿ ನೀರು ತುಂಬಿತ್ತು, ಉಳಿಯುವ ಹಾಗಿರಲಿಲ್ಲ. ನೋಡಲು ಬಂದ ನಾಲ್ಕಾರು ಮಂದಿಯ ಮುಂದೆ ನನ್ನ ಕೈ ಹಿಡಿದುಕೊಂಡು, "ಇವ ನನ್ನ ಎರಡನೇ ಸಲ ಹುಟ್ಟಿಸ್ಯಾನ" ಎಂದರು. ಎಲ್ಲರೂ ನನಗೆ ಕೈ ಮುಗಿದರು.

ಹಿತ್ತಲಿಗೆ ಬಂದೆ. ಅವರ ಮಗಳು ಅಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಗಂಡ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಅವನ ಮೊದಲ ಹೆಂಡತಿಯ ಮಕ್ಕಳನ್ನು ಬೆಳೆಸಿ, ಮದುವೆ ಮಾಡಿ, ಈಗ ತಂದೆಯ ಸೇವೆಗೆ ಬಂದಿದ್ದಳು. ಅವಳಿಗೆ ಸ್ವಂತ ಮಕ್ಕಳಿರಲಿಲ್ಲ. ತಲೆಗೂದಲು ಆಗಲೇ ಬೆಳ್ಳಗಾಗಿತ್ತು.

"ತಂಗಿ, ಒಂದು ಮಾತು ಹೇಳಬೇಕು" ಎಂದೆ. ಅಲ್ಲೇ ಕಲ್ಲಿನ ಮೇಲೆ ಕುಳಿತು ಎಲ್ಲವನ್ನೂ ಹೇಳಿದೆ. ಸೋಸದ ಬಣ್ಣ, ಹರಳು, ಉಸ್ತಾದರು, ಹರಿದ ಕಾಗದ, ಶ್ರಾವಣ, ಭಾದ್ರಪದ, ಡಾಬಕಾ. ಅವಳು ಪಾತ್ರೆ ತಿಕ್ಕುವುದನ್ನು ನಿಲ್ಲಿಸಲಿಲ್ಲ. ನಾನು ಮುಗಿಸಿದ ಮೇಲೆ ಕೈ ತೊಳೆದುಕೊಂಡಳು.

"ರೋಗ ಇರಲೇ ಇಲ್ಲೇನ್ರಿ?"

"ಇರಲಿಲ್ಲವಾ."

"ನಿಮಗ ಯಾವಾಗ ತಿಳೀತು ಅಂದ್ರಿ? ಜ್ಯೇಷ್ಠದಾಗ?"

"ಹೌದು."

"ನನ್ನ ಲಗ್ನ ಕಾರ್ತಿಕದಾಗ ಆತು."

ನಾನು ತಲೆ ತಗ್ಗಿಸಿದೆ. ಅವಳು ಅಳಲಿಲ್ಲ, ದನಿ ಏರಿಸಲಿಲ್ಲ. ನಾನು, ಒಳಗೆ ಹೋಗಿ ಮಾಸ್ತರರಿಗೂ ಹೇಳುತ್ತೇನೆ, ಅವರ ಕಾಲು ಹಿಡಿಯುತ್ತೇನೆ ಎಂದು ಎದ್ದೆ. ಆಗ ಅವಳು ಬಾಗಿಲಿಗೆ ಅಡ್ಡ ನಿಂತಳು.

"ಹೇಳಬ್ಯಾಡ್ರಿ ಅಣ್ಣಾರ. ರೋಗ ಅದ ಅಂತ ತಿಳದು ನನ್ನ ಆ ಮನಿಗಿ ಕೊಟ್ಟಾರ. ಅದಕ್ಕೇ ಅವರಿಗಿ ಇಷ್ಟು ದಿವಸ ತಡಕೊಳ್ಳಿಕ್ಕಾಗ್ಯದ. ಸುಮ್ಮಸುಮ್ಮನ ಕೊಟ್ಟೆ ಅಂತ ಈಗ ತಿಳಿದ್ರ ಹ್ಯಾಂಗ ಸಾಯ್ತಾರ್ರಿ ಅವರು?"

ಅವಳು ಬಾಗಿಲಿನಿಂದ ಸರಿಯಲಿಲ್ಲ.

"ನಿಮಗ ಹಗುರಾಗಬೇಕಂತ ಹೇಳ್ಲಿಕ್ಕ ಬಂದೀರಿ. ನನಗ ಹೇಳೀರಲ್ಲ, ಸಾಕು. ಒಳಗ ಹೋಗಿ ಅವರು ಅಂದದ್ದು ಕೇಳ್ಕೋತ ಕುಂದರ್ರಿ."

ಹೋಗಿ ಕುಳಿತೆ. ಸಂಜೆಯವರೆಗೆ ಮಾಸ್ತರರು ನನ್ನ ಕೈ ಬಿಡಲಿಲ್ಲ. ಉಸಿರು ಸಿಕ್ಕಾಗಲೆಲ್ಲ ನನ್ನನ್ನು ಹರಸಿದರು. ಮೂರು ದಿನದ ಮೇಲೆ ತೀರಿಕೊಂಡರು. ಅವಳು ಆ ಮಾತನ್ನು ಯಾರ ಮುಂದೆಯೂ ಆಡಲಿಲ್ಲ, ನನ್ನ ಮುಂದೆಯೂ ಇನ್ನೊಮ್ಮೆ ಆಡಲಿಲ್ಲ. ನಾನು ನೌಕರಿ ಮುಗಿಸಿ ಬೀದರಿಗೆ ಮರಳಿ ಮನೆ ಮಾಡಿದ ಮೇಲೆ, ಹಬ್ಬಕ್ಕೆ ಯಾರಾದರೂ ಇಲ್ಲಿಗೆ ಬರುವವರಿದ್ದರೆ ಅವರ ಕೈಯಲ್ಲಿ ನಮ್ಮ ಮನೆಗೆ ಜೋಳದ ಹಪ್ಪಳ ಕಳಿಸುತ್ತಿದ್ದಳು. ಯಾಕೆ ಕಳಿಸುತ್ತಿದ್ದಳೋ… ಕ್ಷಮೆಯೋ, ತಂದೆಯ ಮಾತಿಗೆ ಕೊಟ್ಟ ಮರ್ಯಾದೆಯೋ, ನಾನು ಮರೆಯಬಾರದೆಂದೋ. ಅವಳೂ ಹೋಗಿ ಈಗ ನಾಲ್ಕು ವರ್ಷ. ಕೇಳೋಣವೆಂದರೆ ಇಬ್ಬರಲ್ಲಿ ಒಬ್ಬರೂ ಇಲ್ಲ.

ಮೊಮ್ಮಗಳು ರಜೆ ಮುಗಿಸಿ ಹೋದ ಮೇಲೆ, ಹೋದ ತಿಂಗಳು, ಬಳಗದಲ್ಲಿ ಒಂದು ಮದುವೆಗೆಂದು ಭಾಲ್ಕಿಗೆ ಹೋಗಿದ್ದೆ. ಮಾಸ್ತರರ ಮನೆ ಇದ್ದ ಜಾಗದಲ್ಲಿ ಈಗ ಬೀಜ ಗೊಬ್ಬರದ ಅಂಗಡಿ. ಬಸ್ಸಿಗೆ ಹೊತ್ತಿತ್ತು, ಎದುರಿನ ಹೋಟೆಲಿನಲ್ಲಿ ಚಹಾಕ್ಕೆ ಕುಳಿತೆ. ಪಕ್ಕದಲ್ಲಿ ಕುಳಿತ ನಡುವಯಸ್ಸಿನ ಮನುಷ್ಯ ಮಾತಿಗೆ ಮಾತು ಬೆಳೆದು ನಾನು ಡಾಕ್ಟರನೆಂದು ತಿಳಿದುಕೊಂಡ. ಖುಷಿಯಾಗಿ ಹತ್ತಿರ ಸರಿದ.

"ನಮ್ಮೂರಾಗ ಒಬ್ಬ ಮಾಸ್ತರ ಇದ್ರಂತ್ರಿ, ನಮ್ಮ ಮುತ್ಯಾ ಹೇಳ್ತಿದ್ದ. ಅವರಿಗಿ ಮಹಾರೋಗ ಆಗಿತ್ತು. ಅವರ ಶಿಷ್ಯಾನೇ ಒಬ್ಬ ಡಾಕ್ಟರ್, ಡಾಬಕಾದ ತನಕ ನಡದು ಹೋಗಿ, ತನ್ನ ಕೈಯಾರೆ ಮುಲಾಮು ಹಚ್ಚಿ ಗುಣ ಮಾಡಿದ್ನಂತ. ಈಗ ಅಂಥವರು ಎಲ್ಲಿ ಸಿಗ್ತಾರ್ರಿ? ಆ ಡಾಕ್ಟರ್ ನಿಮಗ ಗುರ್ತಿದ್ರೇನ್ರಿ?"

"ಇಲ್ರಿ" ಎಂದೆ.

ಅವನು ನನ್ನ ಚಹಾಕ್ಕೂ ತಾನೇ ಕೊಡುತ್ತೇನೆ ಎಂದು ಹಟ ಹಿಡಿದ. ಬಸ್ಸು ಬಂತು. ಕೈ ಮುಗಿದು ಹತ್ತಿಕೊಂಡೆ.